ಕೆನಡಾಕ್ಕೆ ಹೊರದೇಶದ ಕೆಲಸಗಾರರನ್ನು ಕರೆಸುವ ಮುನ್ನ: ಜಾಹೀರಾತಿನ ನಿಯಮ, ವಿನಾಯಿತಿ ಮತ್ತು ಒಂದಷ್ಟು ಎಡವಟ್ಟುಗಳು

ಒಂದು ಭಾನುವಾರ ಬೆಳಿಗ್ಗೆ ಗೆಳೆಯರೊಬ್ಬರು ಫೋನ್ ಮಾಡಿದರು. ಟೊರೊಂಟೊ ಪಕ್ಕದಲ್ಲಿ ಅವರದ್ದೊಂದು ಚಿಕ್ಕ ಹೋಟೆಲ್ ಇದೆ. ದೋಸೆ, ಇಡ್ಲಿ, ಬಿಸಿಬೇಳೆಬಾತ್.

"ಕುಂದಾಪುರದ ಕಡೆಯ ಒಬ್ಬ ಭಟ್ರು ಸಿಕ್ಕಿದ್ದಾರೆ. ಒಳ್ಳೆ ಕೈರುಚಿ. ಕರೆಸ್ಕೋಬೇಕು. ಏನೇನು ಪೇಪರ್ ಬೇಕು ಹೇಳಿ."

"ಜಾಹೀರಾತು ಹಾಕಿದ್ರಾ?"

"ಜಾಹೀರಾತು ಯಾಕ್ರೀ? ಆಳು ಸಿಕ್ಕಾಯ್ತಲ್ಲ!"

ಹೆಚ್ಚಿನವರು ಎಡವುವುದು ಇಲ್ಲೇ. ನಾವು ಮೊದಲು ಆಳನ್ನು ಹುಡುಕಿ ಆಮೇಲೆ ಕಾಗದದ ಕೆಲಸಕ್ಕೆ ಕೂರುತ್ತೇವೆ. ಕೆನಡಾ ಸರ್ಕಾರದ ಲೆಕ್ಕ ಉಲ್ಟಾ. ಈ ಕೆಲಸಕ್ಕೆ ಇಲ್ಲೇ ಇರುವ ಪ್ರಜೆ ಅಥವಾ ಪಿಆರ್ (ಕಾಯಂ ನೆಲೆಸುವ ಅನುಮತಿ) ಇರುವವರು ಯಾರೂ ಸಿಗಲಿಲ್ಲ ಅಂತ ನೀವು ಮೊದಲು ತೋರಿಸಬೇಕು. ಆಮೇಲೆ ಕುಂದಾಪುರದ ಮಾತು. ಹಾಗೆ ತೋರಿಸುವ ದಾರಿಯೇ ಜಾಹೀರಾತು. ಇದನ್ನು ನೆಪಕ್ಕೆ ಮಾಡಿದವರ ಅರ್ಜಿ ಬೀಳುತ್ತದೆ. ನಿಜವಾಗಿ ಹುಡುಕಿ, ಹುಡುಕಿದ್ದನ್ನು ದಿನಾಂಕ ಸಮೇತ ಬರೆದಿಟ್ಟವರದ್ದು ಸಾಮಾನ್ಯವಾಗಿ ನಿಲ್ಲುತ್ತದೆ. ನಾನು ವಕೀಲನಲ್ಲ. ಕೆಲವು ಫೈಲುಗಳನ್ನು ಹತ್ತಿರದಿಂದ ನೋಡಿದವನು, ಅಷ್ಟೇ.

ಯಾರು ಏನು ನೋಡ್ತಾರೆ

ಇದರಲ್ಲಿ ಎರಡು ಕಚೇರಿಗಳಿವೆ. ಮಾಲೀಕರ ಅರ್ಜಿಯನ್ನು ನೋಡುವುದು ಕೇಂದ್ರದ ಉದ್ಯೋಗ ಇಲಾಖೆ, ಅದರ ಪರವಾಗಿ ಸರ್ವಿಸ್ ಕೆನಡಾ. ಅಲ್ಲಿಂದ ಸಿಗುವ ಒಪ್ಪಿಗೆ ಪತ್ರಕ್ಕೆ ಎಲ್‌ಎಂಐಎ ಅನ್ನುತ್ತಾರೆ. ಹೊರಗಿನವರನ್ನು ತಂದರೆ ಇಲ್ಲಿನ ಕೆಲಸದ ಮಾರುಕಟ್ಟೆಗೆ ತೊಂದರೆಯಿಲ್ಲ ಅಂತ ಸರ್ಕಾರ ಹೇಳುವ ಮಾತು ಅದು. 2014ರ ಜೂನ್‌ಗೆ ಮುಂಚೆ ಇದನ್ನು ಎಲ್‌ಎಂಒ ಅನ್ನುತ್ತಿದ್ದರು. ಹಳೆಯ ಜನ ಈಗಲೂ ಹಾಗೇ ಕರೆಯುತ್ತಾರೆ. ಆ ಪತ್ರ ಹಿಡಿದು ಕೆಲಸಗಾರ ವರ್ಕ್ ಪರ್ಮಿಟ್‌ಗೆ ಅರ್ಜಿ ಹಾಕುವುದು ವಲಸೆ ಇಲಾಖೆಗೆ. ಈ ಬರಹ ಪೂರ್ತಿ ಮೊದಲನೆಯ ಕಚೇರಿಯ ಬಗ್ಗೆ.

ಎಲ್‌ಎಂಐಎಗೆ ಒಂದು ಹುದ್ದೆಗೆ 1,000 ಡಾಲರ್ ಶುಲ್ಕ. ಅರ್ಜಿ ತಿರಸ್ಕಾರವಾದರೂ ವಾಪಸ್ ಬರುವುದಿಲ್ಲ. ಅದನ್ನು ಕೆಲಸಗಾರನಿಂದ ವಸೂಲಿ ಮಾಡುವಂತೆಯೂ ಇಲ್ಲ.

ಹೆಜ್ಜೆ 1: ಜಾಹೀರಾತು ಬೇಕೇ ಬೇಕಾ ಅಂತ ಮೊದಲು ನೋಡಿ

ಎಲ್ಲರೂ ವಿನಾಯಿತಿಯನ್ನು ಕೊನೆಯಲ್ಲಿ ಹೇಳುತ್ತಾರೆ. ನಾನು ಮೊದಲೇ ಹೇಳುತ್ತೇನೆ. ವಿನಾಯಿತಿ ಇದ್ದೂ ನಾಲ್ಕು ವಾರ ಜಾಹೀರಾತು ಹಾಕಿ ಕೂತವರನ್ನು ನೋಡಿದ್ದೇನೆ. ಸುಮ್ನೆ ಸಮಯ ದಂಡ.

ಮೊದಲ ಪ್ರಶ್ನೆ: ಎಲ್‌ಎಂಐಎ ಬೇಕಾ? ಅದೇ ಬೇಡ ಅಂದರೆ ಜಾಹೀರಾತಿನ ಮಾತೇ ಬರುವುದಿಲ್ಲ. ನೀವು ಕೆಲಸಕ್ಕೆ ತೆಗೆದುಕೊಳ್ಳಬೇಕೆಂದಿರುವವರು ಈಗಾಗಲೇ ಕೆನಡಾದಲ್ಲಿದ್ದು, ಓದು ಮುಗಿಸಿದವರಿಗೆ ಸಿಗುವ ಪರ್ಮಿಟ್ ಅಥವಾ ಗಂಡ-ಹೆಂಡತಿಗೆ ಸಿಗುವ ಓಪನ್ ವರ್ಕ್ ಪರ್ಮಿಟ್ (ಯಾವ ಮಾಲೀಕರ ಹತ್ತಿರವೂ ದುಡಿಯಬಹುದಾದದ್ದು) ಇಟ್ಟುಕೊಂಡಿದ್ದರೆ ನೇರವಾಗಿ ಸೇರಿಸಿಕೊಳ್ಳಿ. ಬೆಂಗಳೂರಿನ ಕಚೇರಿಯಿಂದ ಅದೇ ಕಂಪನಿಯ ಟೊರೊಂಟೊ ಶಾಖೆಗೆ ಮ್ಯಾನೇಜರ್ ಅಥವಾ ವಿಶೇಷ ಜ್ಞಾನ ಇರುವವರನ್ನು ವರ್ಗ ಮಾಡುವುದಾದರೆ ಅದು ಬೇರೆ ದಾರಿ. ಹಿಂದಿನ 3 ವರ್ಷದಲ್ಲಿ ಕನಿಷ್ಠ 1 ವರ್ಷ ಅಲ್ಲಿ ದುಡಿದಿರಬೇಕು. ಮಾಲೀಕರು ಆನ್‌ಲೈನ್‌ನಲ್ಲಿ ಕೆಲಸದ ಆಫರ್ ದಾಖಲಿಸಿ 230 ಡಾಲರ್ ಕಟ್ಟಬೇಕು. ಜಾಹೀರಾತು ಇಲ್ಲ. ಕ್ವೆಬೆಕ್‌ನ ಹೊರಗೆ ಫ್ರೆಂಚ್ ಬಲ್ಲವರನ್ನು ಸೇರಿಸಿಕೊಳ್ಳಲೂ ಇಂಥದ್ದೇ ಒಂದು ದಾರಿ ಇದೆ.

ನಮ್ಮ ಕನ್ನಡ ಸಂಘ, ದೇವಸ್ಥಾನಗಳವರು ಮತ್ತೆ ಮತ್ತೆ ಕೇಳುವ ಎರಡು ಪ್ರಶ್ನೆಗಳೂ ಇಲ್ಲಿಗೇ ಸೇರುತ್ತವೆ. ಒಂದು, ಅರ್ಚಕರು. ಮುಖ್ಯ ಕೆಲಸ ಪೂಜೆ ನಡೆಸುವುದು, ಪ್ರವಚನ, ಭಕ್ತರಿಗೆ ಧಾರ್ಮಿಕ ಮಾರ್ಗದರ್ಶನ ಆಗಿದ್ದರೆ ವರ್ಕ್ ಪರ್ಮಿಟ್ಟೇ ಬೇಡ ಅನ್ನುತ್ತದೆ ವಲಸೆ ನಿಯಮ. ಪರ್ಮಿಟ್ ಬೇಕೆನಿಸಿದರೂ ಧಾರ್ಮಿಕ ಕೆಲಸಕ್ಕೆ ಎಲ್‌ಎಂಐಎ ಇಲ್ಲದ ದಾರಿ ಇದೆ. ಆದರೆ ದೇವಸ್ಥಾನದ ಅಡುಗೆಮನೆಗೆ ಬರುವ ಭಟ್ಟರನ್ನು ಅರ್ಚಕರೆಂದು ತೋರಿಸಲು ಹೋಗಬೇಡಿ. ದಿನವಿಡೀ ಅಡುಗೆ ಮಾಡುವವರು ಅಡುಗೆಯವರೇ. ಎರಡು, ಯಕ್ಷಗಾನ ಮೇಳ. ಕಲಾವಿದರು ಬಂದು ಕೆಲವು ಪ್ರದರ್ಶನ ಕೊಟ್ಟು ಹೋಗುವುದಾದರೆ, ನಿಮ್ಮ ಸಂಘ ಅವರಿಗೆ ಮಾಲೀಕನ ಸ್ಥಾನದಲ್ಲಿ ಇಲ್ಲದಿದ್ದರೆ, ಸಾಮಾನ್ಯವಾಗಿ ವರ್ಕ್ ಪರ್ಮಿಟ್ ಬೇಕಿಲ್ಲ. ಸಿನಿಮಾ, ಟಿವಿ ಚಿತ್ರೀಕರಣಕ್ಕೆ ಬಂದರೆ ಈ ಮಾತು ಅನ್ವಯಿಸುವುದಿಲ್ಲ. ಎರಡೂ ಕಡೆ ವೀಸಾ ಮಾತ್ರ ಬೇಕೇ ಬೇಕು.

ಪೀಣ್ಯದಿಂದ ಯಂತ್ರ ತರಿಸಿಕೊಂಡ ಕಾರ್ಖಾನೆಯವರಿಗೂ ಒಂದು ಮಾತು. ಯಂತ್ರ ಜೋಡಿಸಲು, ರಿಪೇರಿ ಮಾಡಲು ತಯಾರಕರ ತಂತ್ರಜ್ಞರು ಬರುತ್ತಾರೆ ಅಂತ ಖರೀದಿ ಒಪ್ಪಂದದಲ್ಲೇ ಬರೆದಿದ್ದರೆ ಅವರು ವರ್ಕ್ ಪರ್ಮಿಟ್ ಬೇಕಿಲ್ಲದ ಬಿಸಿನೆಸ್ ವಿಸಿಟರ್ ಆಗಿ ಬಂದು ಹೋಗಬಹುದು. ಒಪ್ಪಂದಕ್ಕೆ ಸಹಿ ಹಾಕುವ ದಿನವೇ ಆ ಒಂದು ಸಾಲು ಸೇರಿಸಿ.

ಎರಡನೇ ಪ್ರಶ್ನೆ: ಎಲ್‌ಎಂಐಎ ಬೇಕು, ಸರಿ. ಆದರೂ ಜಾಹೀರಾತಿಗೆ ವಿನಾಯಿತಿ ಇದೆಯಾ?

ಸಾಫ್ಟ್‌ವೇರ್ ಕಂಪನಿಗಳಿಗೆ ದೊಡ್ಡ ವಿನಾಯಿತಿ ಗ್ಲೋಬಲ್ ಟ್ಯಾಲೆಂಟ್ ಸ್ಟ್ರೀಮ್. 2017ರ ಜೂನ್‌ನಲ್ಲಿ ಶುರುವಾಯಿತು. ಸರ್ಕಾರ ಪಟ್ಟಿ ಮಾಡಿದ ತಾಂತ್ರಿಕ ಹುದ್ದೆಗಳಿಗೆ, ಅಥವಾ ಗೊತ್ತುಪಡಿಸಿದ ಸಂಸ್ಥೆ ಶಿಫಾರಸು ಮಾಡಿದ ಕಂಪನಿಗಳಿಗೆ ಇದು ಸಿಗುತ್ತದೆ. ಇಷ್ಟೇ ದಿನ ಜಾಹೀರಾತು ಹಾಕಬೇಕು ಅನ್ನುವ ಕಟ್ಟಳೆ ಇಲ್ಲ. 10 ಕೆಲಸದ ದಿನಗಳಲ್ಲಿ ಅರ್ಜಿ ಮುಗಿಸುವುದು ಇಲಾಖೆಯ ಗುರಿ. ಬದಲಿಗೆ ಒಂದು ಯೋಜನೆ ಬರೆದುಕೊಡಬೇಕು: ಇಲ್ಲಿನವರಿಗೆ ನೀವು ಎಷ್ಟು ಕೆಲಸ ಕೊಡುತ್ತೀರಿ, ಎಷ್ಟು ತರಬೇತಿ ಕೊಡುತ್ತೀರಿ ಅಂತ. ಬರೆದದ್ದನ್ನು ಮಾಡಿದ್ದೀರಾ ಅಂತ ಆಮೇಲೆ ಕೇಳುತ್ತಾರೆ. ಜಂಬಕ್ಕೆ ದೊಡ್ಡ ಸಂಖ್ಯೆ ಬರೆಯಬೇಡಿ.

ಕ್ವೆಬೆಕ್‌ನಲ್ಲಿ ಸರಳ ವಿಧಾನದ ಹುದ್ದೆಗಳ ಪಟ್ಟಿಯೊಂದಿದೆ. ಅದರಲ್ಲಿರುವ ಹುದ್ದೆಗೆ ಹುಡುಕಾಟದ ಪುರಾವೆ ಕೊಡಬೇಕಿಲ್ಲ. ಅಲ್ಲಿ ಅರ್ಜಿ ಕೇಂದ್ರಕ್ಕೂ ಹೋಗುತ್ತದೆ, ಪ್ರಾಂತ್ಯಕ್ಕೂ ಹೋಗುತ್ತದೆ. ಎರಡೂ ಕಡೆ ಒಪ್ಪಬೇಕು.

ತಯಾರಕರ ವಾರಂಟಿ ಕೆಲಸಕ್ಕೆ ಬರುವ ವಿಶೇಷ ತಂತ್ರಜ್ಞರು, ಮನರಂಜನಾ ಕ್ಷೇತ್ರದಲ್ಲಿ ದಿಢೀರನೆ ಕೆಲವೇ ದಿನಕ್ಕೆ ಬೇಕಾಗುವವರು, ಇಂಥ ಹುದ್ದೆಗಳಿಗೂ ನಿಯಮದಲ್ಲಿ ಸಡಿಲಿಕೆ ಇದೆ. ಹೊಲ, ತೋಟದ ಕೆಲಸಕ್ಕೆ ಪೂರ್ತಿ ವಿನಾಯಿತಿ ಇಲ್ಲ, ಅವಧಿ ಮಾತ್ರ ಕಡಿಮೆ: ಸರ್ಕಾರದ ಉದ್ಯೋಗ ತಾಣವಾದ ಜಾಬ್ ಬ್ಯಾಂಕ್ ಮತ್ತು ಇನ್ನೊಂದು ಕಡೆ, 14 ದಿನ.

ವಿಶ್ವವಿದ್ಯಾಲಯದ ಅಧ್ಯಾಪಕರ ಹುದ್ದೆಗೆ ಜಾಹೀರಾತು ಬೇಕು, ಆದರೆ ಬೇರೆ ರೀತಿ. ಕೆನಡಾದಲ್ಲೂ ಹೊರಗೂ ಒಟ್ಟಿಗೇ ಹಾಕಬಹುದು. ಅರ್ಹರೆಲ್ಲರೂ ಅರ್ಜಿ ಹಾಕಬಹುದು, ಆದರೆ ಕೆನಡಾದವರಿಗೆ ಮತ್ತು ಪಿಆರ್ ಇರುವವರಿಗೆ ಆದ್ಯತೆ ಅನ್ನುವ ವಾಕ್ಯ ಅದರಲ್ಲಿ ಇರಲೇಬೇಕು.

ಒಂದು ಹಳೇ ವಿನಾಯಿತಿಯನ್ನು ಮರೆತುಬಿಡಿ. ಕಂಪನಿ ಕೊಂಡು ತಾವೇ ಮಾಲೀಕರಾಗಿ ಬಂದು ನಡೆಸುವವರಿಗೆ ಹಿಂದೆ ಜಾಹೀರಾತು ಬೇಕಿರಲಿಲ್ಲ. 2021ರ ಏಪ್ರಿಲ್ 1ರಿಂದ ಅದು ಇಲ್ಲ. ಈಗಲೂ ಅದನ್ನೇ ತೋರಿಸಿ ದುಡ್ಡು ಕೇಳುವ ಏಜೆಂಟರಿದ್ದಾರೆ.

ಹೆಜ್ಜೆ 2: ನಿಮ್ಮದು ಹೆಚ್ಚಿನ ಸಂಬಳದ ಸಾಲೋ, ಕಡಿಮೆ ಸಂಬಳದ ಸಾಲೋ

ವಿನಾಯಿತಿ ಸಿಗಲಿಲ್ಲವೇ? ಹಾಗಾದರೆ ಸಂಬಳದ ಗೆರೆ ನೋಡಿ. 2024ರ ನವೆಂಬರ್ 8ರಿಂದ ಈ ಗೆರೆ ಆಯಾ ಪ್ರಾಂತ್ಯದ ಮಧ್ಯಮ ಸಂಬಳಕ್ಕಿಂತ (ಅರ್ಧ ಜನ ಅದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ ಪಡೆಯುವ ಅಂಕಿ) ಶೇ. 20 ಮೇಲಿದೆ. 2025ರ ಜೂನ್ 27ರ ಪರಿಷ್ಕರಣೆಯಲ್ಲಿ ಒಂಟಾರಿಯೊ ಮತ್ತು ಆಲ್ಬರ್ಟಾದಲ್ಲಿ ಗಂಟೆಗೆ 36 ಡಾಲರ್, ಬ್ರಿಟಿಷ್ ಕೊಲಂಬಿಯಾದಲ್ಲಿ 36.60, ಕ್ವೆಬೆಕ್‌ನಲ್ಲಿ 34.62 ಆಯಿತು. ಇದು ಬದಲಾಗುತ್ತಾ ಇರುತ್ತದೆ. ಅರ್ಜಿ ಹಾಕುವ ವಾರ ಇನ್ನೊಮ್ಮೆ ನೋಡಿ.

ಗೆರೆಗೆ ಸರಿಸಮ ಅಥವಾ ಮೇಲೆ ಕೊಟ್ಟರೆ ಹೆಚ್ಚಿನ ಸಂಬಳದ ಸಾಲು. ಕೆಳಗಿದ್ದರೆ ಕಡಿಮೆಯದು. ಆ ಕೆಳಗಿನ ಸಾಲಿನಲ್ಲೇ ಬಾಗಿಲು ಮುಚ್ಚಿರುವುದು ಜಾಸ್ತಿ. 2024ರ ಸೆಪ್ಟೆಂಬರ್ 26ರಿಂದ, ನಿರುದ್ಯೋಗ ಶೇ. 6 ಅಥವಾ ಅದಕ್ಕೂ ಹೆಚ್ಚಿರುವ ದೊಡ್ಡ ನಗರ ಪ್ರದೇಶಗಳಲ್ಲಿ ಕಡಿಮೆ ಸಂಬಳದ ಅರ್ಜಿಗಳನ್ನು ಇಲಾಖೆ ಕೈಗೇ ತೆಗೆದುಕೊಳ್ಳುವುದಿಲ್ಲ. ಕೃಷಿ, ಆರೋಗ್ಯ, ಕಟ್ಟಡ, ಆಹಾರ ಸಂಸ್ಕರಣೆಯಂಥ ಕೆಲವು ಕ್ಷೇತ್ರಗಳಿಗೆ ಬೇರೆ ಲೆಕ್ಕ. ಹೋಟೆಲ್‌ಗಳಿಗೆ ಆ ರಿಯಾಯಿತಿ ಇಲ್ಲ. ನಗರಗಳ ಪಟ್ಟಿ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ. 2025ರ ಉದ್ದಕ್ಕೂ ಟೊರೊಂಟೊ ಅದರಲ್ಲಿತ್ತು. ಬ್ರಾಂಪ್ಟನ್, ಮಿಸ್ಸಿಸ್ಸಾಗ ಎರಡೂ ಟೊರೊಂಟೊ ಪ್ರದೇಶಕ್ಕೇ ಸೇರುತ್ತವೆ.

ನನ್ನ ಗೆಳೆಯರ ಕನಸು ನಿಂತಿದ್ದು ಇಲ್ಲೇ. ದೋಸೆ ಹಾಕುವವರಿಗೆ ಗಂಟೆಗೆ 36 ಡಾಲರ್ ಕೊಡುವ ಹೋಟೆಲ್ ಬ್ರಾಂಪ್ಟನ್‌ನಲ್ಲಿ ಎಷ್ಟಿವೆ ಹೇಳಿ? ಅವರ ಪಿನ್‌ಕೋಡ್ ನೋಡಿದೆವು, ಪಟ್ಟಿ ನೋಡಿದೆವು, ಕಾಫಿ ಕುಡಿದೆವು. ಜಾಹೀರಾತಿಗೆ ಒಂದು ಪೈಸೆ ಹಾಕುವ ಮುಂಚೆಯೇ ಗೊತ್ತಾಯಿತಲ್ಲ, ಅದೇ ಲಾಭ. ಆಮೇಲೆ ಅವರು ಇಲ್ಲೇ ಓದು ಮುಗಿಸಿ ಪರ್ಮಿಟ್ ಇಟ್ಟುಕೊಂಡಿದ್ದ ಹುಡುಗನೊಬ್ಬನನ್ನು ಸೇರಿಸಿಕೊಂಡರು. ಮೊದಲ ವಾರ ದೋಸೆಯೆಲ್ಲ ಭೂಪಟ. ಈಗ ಪರವಾಗಿಲ್ಲ.

ಚಿಕ್ಕ ಊರಿನಲ್ಲಿದ್ದರೆ ನಿರಾಸೆ ಬೇಡ. ಆದರೂ ಕಡಿಮೆ ಸಂಬಳದ ಸಾಲಿಗೆ ಇನ್ನೂ ಷರತ್ತುಗಳಿವೆ. ಇಂಥ ಕೆಲಸಗಾರರು ಒಂದು ಜಾಗದ ಒಟ್ಟು ಸಿಬ್ಬಂದಿಯಲ್ಲಿ ಎಷ್ಟು ಪಾಲು ಇರಬಹುದು ಅನ್ನುವುದಕ್ಕೆ ಮಿತಿ ಇದೆ. 2024ರಲ್ಲಿ ಅದನ್ನು ಶೇ. 10ಕ್ಕೆ ಇಳಿಸಿದರು, ಕೆಲವು ಕ್ಷೇತ್ರಗಳಿಗೆ ಶೇ. 20. ಹೋಗಿಬರುವ ಪ್ರಯಾಣದ ಖರ್ಚು ನಿಮ್ಮದು. ಕೈಗೆಟಕುವ ಬಾಡಿಗೆಯ ಮನೆ ಸಿಗುವಂತೆ ನೋಡಿಕೊಳ್ಳಬೇಕು. ಪ್ರಾಂತ್ಯದ ಆರೋಗ್ಯ ಸೌಲಭ್ಯ ಶುರುವಾಗುವ ತನಕ ವಿಮೆ ಕೊಡಿಸಬೇಕು.

ಹೆಜ್ಜೆ 3: ಸಂಬಳ ನಿಗದಿ ಮಾಡಿ, ಆಮೇಲೆ ಪೆನ್ನು ಹಿಡಿಯಿರಿ

ಮೊದಲು ಹುದ್ದೆಯ ಎನ್‌ಒಸಿ ಕೋಡ್ ಹುಡುಕಿ, ಅಂದರೆ ಸರ್ಕಾರ ಪ್ರತಿ ವೃತ್ತಿಗೂ ಕೊಟ್ಟಿರುವ ಸಂಖ್ಯೆ. ಅಡುಗೆಯವರಿಗೆ 63200, ಶೆಫ್‌ಗೆ 62200, ಅಡುಗೆಮನೆ ಸಹಾಯಕರಿಗೆ 65201. ಹೆಸರು ದೊಡ್ಡದು ಕಾಣಲಿ ಅಂತ ಶೆಫ್ ಅಂತ ಬರೆದು, ಕೆಲಸದ ವಿವರದಲ್ಲಿ ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು ಅಂತ ಹಾಕಿದರೆ ಅಧಿಕಾರಿ ಮೊದಲ ಓದಿನಲ್ಲೇ ಹಿಡಿಯುತ್ತಾರೆ.

ಕೋಡ್ ಸಿಕ್ಕ ಮೇಲೆ ಜಾಬ್ ಬ್ಯಾಂಕ್ ತಾಣದಲ್ಲಿ ನಿಮ್ಮ ಪ್ರದೇಶದ ಮಧ್ಯಮ ಸಂಬಳ ನೋಡಿ. ನಿಮ್ಮಲ್ಲಿ ಅದೇ ಕೆಲಸ ಮಾಡುತ್ತಿರುವ, ಅಷ್ಟೇ ಅನುಭವದ ಇಲ್ಲಿನವರಿಗೆ ಎಷ್ಟು ಕೊಡುತ್ತಿದ್ದೀರಿ ಅದನ್ನೂ ನೋಡಿ. ಎರಡರಲ್ಲಿ ಯಾವುದು ಹೆಚ್ಚೋ ಅದು ಕನಿಷ್ಠ. ಸಂಬಳವನ್ನು ಇಷ್ಟರಿಂದ ಇಷ್ಟು ಅಂತ ಬರೆಯುವುದಾದರೆ ಕೆಳಗಿನ ಅಂಕಿಯೂ ಈ ಕನಿಷ್ಠಕ್ಕಿಂತ ಕಡಿಮೆ ಇರಬಾರದು. ವಾರಕ್ಕೆ ಕನಿಷ್ಠ 30 ಗಂಟೆ ಕೆಲಸ ಇರಬೇಕು.

ಹೆಜ್ಜೆ 4: ಜಾಹೀರಾತು ಬರೆಯುವುದು

ನಾನು ಕಂಡ ಒಂದು ಜಾಹೀರಾತು ಹೆಚ್ಚುಕಡಿಮೆ ಹೀಗಿತ್ತು: "ಸೌತ್ ಇಂಡಿಯನ್ ಕುಕ್ ಬೇಕಾಗಿದ್ದಾರೆ. ಕನ್ನಡ ಬರಬೇಕು. ಅನುಭವ ಇರಬೇಕು. ಸಂಬಳ ಮಾತಾಡೋಣ. ಕರೆ ಮಾಡಿ."

ಐದು ವಾಕ್ಯ, ಐದಾರು ತಪ್ಪು. ಒಂದೊಂದಾಗಿ ನೋಡೋಣ.

ಯಾರ ಹೋಟೆಲ್ ಅನ್ನುವುದೇ ಇಲ್ಲ. ವ್ಯವಹಾರದ ಹೆಸರು, ವಿಳಾಸ ಎರಡೂ ಬೇಕು. ಕೆಲಸ ಮಾಡುವ ಜಾಗ ಬೇರೆಯಾಗಿದ್ದರೆ ಅದನ್ನೂ ಹಾಕಿ. ಎರಡು ಶಾಖೆ ಇದ್ದರೆ ಎರಡೂ.

"ಕುಕ್" ಅಂದರೆ ಸಾಲದು. ಏನೇನು ಮಾಡಬೇಕು ಬರೆಯಿರಿ: ಹಿಟ್ಟು ರುಬ್ಬಿಸುವುದು, ದೋಸೆ ಕಾವಲಿ ನೋಡಿಕೊಳ್ಳುವುದು, ಸಾಮಾನಿನ ಲೆಕ್ಕ, ಅಡುಗೆಮನೆಯ ಸ್ವಚ್ಛತೆ. ಕಾಯಂ ಕೆಲಸವೋ, ಸೀಸನ್ ಕೆಲಸವೋ, ವಾರಕ್ಕೆ ಎಷ್ಟು ಗಂಟೆ, ಅದೂ ಬೇಕು. ಎಷ್ಟು ವರ್ಷದ ಅನುಭವ, ಎಷ್ಟು ಓದು ಅನ್ನುವುದನ್ನು ಸಂಖ್ಯೆಯಲ್ಲಿ ಹೇಳಿ. ಕೆಲಸಕ್ಕೆ ಅಗತ್ಯವಾದಷ್ಟೇ ಕೇಳಿ. ಎರಡು ವರ್ಷ ಸಾಕಾಗುವ ಕಡೆ ಹತ್ತು ವರ್ಷ ಕೇಳಿದರೆ, ಕುಂದಾಪುರದ ಭಟ್ಟರ ಅಳತೆಗೇ ಅಂಗಿ ಹೊಲಿಸಿದಂತೆ ಕಾಣುತ್ತದೆ.

"ಸಂಬಳ ಮಾತಾಡೋಣ" ನಡೆಯುವುದಿಲ್ಲ. ಅಂಕಿ ಬೇಕು. ಬೋನಸ್, ಸಂಬಳ ಏರಿಕೆ ಇದ್ದರೆ ಅದೂ ಸೇರಬೇಕು. ವಿಮೆ, ರಜೆ, ಊಟದಂಥ ಸೌಲಭ್ಯ ಕೊಡುವುದಾದರೆ ಜಾಹೀರಾತಿನಲ್ಲೇ ಹೇಳಿ. ಹೊರಗಿನವರಿಗೆ ಕೊಡುವ ಸೌಲಭ್ಯವನ್ನು ಇಲ್ಲಿನವರಿಂದ ಮುಚ್ಚಿಟ್ಟ ಹಾಗೆ ಕಾಣಬಾರದು. ಸಂಪರ್ಕಕ್ಕೆ ಫೋನ್, ಇಮೇಲ್ ಅಥವಾ ಅಂಚೆ ವಿಳಾಸ ಕೊಡಿ. ಆ ಇಮೇಲನ್ನು ದಿನವೂ ತೆರೆದು ನೋಡಿ!

ಇನ್ನು "ಕನ್ನಡ ಬರಬೇಕು." ನಮಗೆ ಇದು ಸಹಜ ಅನಿಸುತ್ತದೆ, ಅಲ್ವಾ? ಆದರೆ ಜಾಹೀರಾತಿನಲ್ಲಿ ಷರತ್ತಾಗಿ ಹಾಕಬಹುದಾದ ಭಾಷೆ ಇಂಗ್ಲಿಷ್ ಮತ್ತು ಫ್ರೆಂಚ್ ಮಾತ್ರ. ಬೇರೆ ಭಾಷೆ ಇಲ್ಲದೆ ಆ ಕೆಲಸ ನಡೆಯುವುದೇ ಇಲ್ಲ ಅಂತ ಸ್ಪಷ್ಟವಾಗಿ ತೋರಿಸಿದರೆ ಮಾತ್ರ ಒಪ್ಪುತ್ತಾರೆ. ಕನ್ನಡ ಮಾತ್ರ ಬಲ್ಲ ಹಿರಿಯರನ್ನು ಮನೆಯಲ್ಲಿ ನೋಡಿಕೊಳ್ಳುವ ಕೆಲಸಕ್ಕೆ ಈ ವಾದ ಮಾಡಿ ನೋಡಬಹುದು. ಅಡುಗೆಮನೆಗೆ ಕಷ್ಟ. ಕಾವಲಿಗೆ ಯಾವ ಭಾಷೆಯೂ ಬೇಕಿಲ್ಲ ಅಂತ ಅಧಿಕಾರಿ ಕೇಳಿದರೆ ಏನು ಹೇಳ್ತೀರಿ?

ಇದರ ಮೇಲೆ ಪ್ರಾಂತ್ಯದ ಕಾನೂನು ಬೇರೆ. ಒಂಟಾರಿಯೊದಲ್ಲಿ 2026ರ ಜನವರಿ 1ರಿಂದ, 25 ಅಥವಾ ಹೆಚ್ಚು ಸಿಬ್ಬಂದಿ ಇರುವವರು ಸಾರ್ವಜನಿಕ ಜಾಹೀರಾತಿನಲ್ಲಿ ಸಂಬಳ ಹೇಳಲೇಬೇಕು. ವ್ಯಾಪ್ತಿ ಬರೆದರೆ ಮೇಲಿನ ಮತ್ತು ಕೆಳಗಿನ ಅಂಕಿಗಳ ನಡುವೆ ವರ್ಷಕ್ಕೆ 50,000 ಡಾಲರ್‌ಗಿಂತ ಜಾಸ್ತಿ ಅಂತರ ಇರಬಾರದು. "ಕೆನಡಾದ ಅನುಭವ ಬೇಕು" ಅಂತ ಬರೆಯುವಂತಿಲ್ಲ. ಅರ್ಜಿಗಳನ್ನು ಸೋಸಲು ಎಐ ಬಳಸಿದರೆ ಅದನ್ನೂ ಹೇಳಬೇಕು. ಸಂದರ್ಶನ ಮಾಡಿದವರಿಗೆ 45 ದಿನದೊಳಗೆ ಏನಾಯಿತು ಅಂತ ತಿಳಿಸಬೇಕು. ಬ್ರಿಟಿಷ್ ಕೊಲಂಬಿಯಾದಲ್ಲಿ ಸಂಬಳ ಹೇಳುವ ನಿಯಮ 2023ರ ನವೆಂಬರ್‌ನಿಂದಲೇ ಇದೆ.

ಹೆಜ್ಜೆ 5: ಎಲ್ಲೆಲ್ಲಿ ಹಾಕಬೇಕು

ಮೂರು ಕಡೆ. ಒಂದು ಜಾಬ್ ಬ್ಯಾಂಕ್, ಇದು ಸರ್ಕಾರದ್ದು, ಉಚಿತ, ತಪ್ಪಿಸಿಕೊಳ್ಳುವಂತಿಲ್ಲ. ಖಾತೆ ತೆರೆಯಲು ತೆರಿಗೆ ಇಲಾಖೆ ಕೊಟ್ಟ ಪೇರೋಲ್ ಸಂಖ್ಯೆ ಬೇಕು. ಖಾತೆಗೆ ಒಪ್ಪಿಗೆ ಸಿಗಲು ಕೆಲವು ದಿನ ಹಿಡಿಯಬಹುದು. ಹಾಗಾಗಿ ಬೇರೆಲ್ಲಾ ಕೆಲಸಕ್ಕಿಂತ ಮುಂಚೆ ಇದನ್ನು ಮಾಡಿ. ಎಲ್‌ಎಂಐಎ ಅರ್ಜಿಯನ್ನು ಆನ್‌ಲೈನ್‌ನಲ್ಲಿ ಹಾಕಲೂ ಇದೇ ಖಾತೆ ಬೇಕು.

ಉಳಿದ ಎರಡು ನಿಮ್ಮ ಆಯ್ಕೆ, ಆದರೆ ಆ ಹುದ್ದೆಗೆ ಹೊಂದಬೇಕು. ಹೆಚ್ಚಿನ ಸಂಬಳದ ಸಾಲಿನಲ್ಲಿ ಅವುಗಳಲ್ಲಿ ಒಂದು ಇಡೀ ದೇಶಕ್ಕೆ ಕಾಣುವಂಥದ್ದಾಗಿರಬೇಕು. ಉದ್ಯೋಗ ತಾಣಗಳು, ಪತ್ರಿಕೆಗಳು, ಸಮುದಾಯದ ಪತ್ರಿಕೆಗಳು, ಉದ್ಯೋಗ ಮೇಳ, ವೃತ್ತಿ ಸಂಘಗಳು, ಕಾಲೇಜುಗಳು, ನೇಮಕಾತಿ ಏಜೆನ್ಸಿಗಳು, ಸ್ಥಳೀಯ ಅಂಗಡಿ ಮತ್ತು ಪ್ರಾರ್ಥನಾ ಸ್ಥಳಗಳ ನೋಟಿಸ್ ಬೋರ್ಡ್, ಎಲ್ಲವೂ ಒಪ್ಪಿತ ದಾರಿಗಳೇ. ಹೌದು, ದೇವಸ್ಥಾನದ ಬೋರ್ಡಿನಲ್ಲಿ ಚೀಟಿ ಅಂಟಿಸಿದರೂ ಲೆಕ್ಕಕ್ಕೆ ಬರಬಹುದು. ಆದರೆ ಸಾಫ್ಟ್‌ವೇರ್ ಎಂಜಿನಿಯರ್ ಹುದ್ದೆಗೆ ದೇವಸ್ಥಾನದ ಬೋರ್ಡ್ ತೋರಿಸಿದರೆ ಯಾರೂ ನಂಬುವುದಿಲ್ಲ. ನನ್ನ ಸಲಹೆ: ಎರಡೂ ಒಂದೇ ಥರದ ಉದ್ಯೋಗ ತಾಣ ಆಗದಿರಲಿ. ಒಂದು ದೊಡ್ಡ ತಾಣ, ಒಂದು ಆ ವೃತ್ತಿಯವರು ಓದುವ ಜಾಗ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ್ದನ್ನು ನಂಬಿ ಕೂರಬೇಡಿ. ಊರಿನ ಪತ್ರಿಕೆಯಲ್ಲಿ ಹಾಕಿಸಿದ್ದು ಲೆಕ್ಕಕ್ಕೇ ಇಲ್ಲ, ಹುಡುಕಬೇಕಾದ್ದು ಕೆನಡಾದೊಳಗೆ.

ಕಡಿಮೆ ಸಂಬಳದ ಸಾಲಿನಲ್ಲಿ ಈ ಎರಡು ದಾರಿಗಳು ಕೆಲಸ ಸಿಗಲು ಕಷ್ಟಪಡುವ ಗುಂಪುಗಳನ್ನು ಮುಟ್ಟಬೇಕು: ಮೂಲನಿವಾಸಿಗಳು, ಅಂಗವಿಕಲರು, ಹೊಸದಾಗಿ ವಲಸೆ ಬಂದವರು, ಯುವಜನ, ಕೆಲಸದ ಪರ್ಮಿಟ್ ಇರುವ ಆಶ್ರಯಾರ್ಥಿಗಳು. ಆಶ್ರಯಾರ್ಥಿಗಳನ್ನು ಪರಿಗಣಿಸಬೇಕು ಅನ್ನುವುದು 2024ರ ಮೇ 1ರಿಂದ ಸೇರಿದ್ದು. ಆ ಗುಂಪುಗಳಿಗೆ ಕೆಲಸ ಹುಡುಕಿಕೊಡುವ ಸ್ಥಳೀಯ ಸಂಸ್ಥೆಗೆ ಒಂದು ಇಮೇಲ್ ಕಳಿಸಿ, ಉತ್ತರವನ್ನು ಇಟ್ಟುಕೊಳ್ಳಿ. ಇದಕ್ಕಿಂತ ಸುಲಭದ ಪುರಾವೆ ಇಲ್ಲ.

ಹೆಜ್ಜೆ 6: ಕ್ಯಾಲೆಂಡರ್

ಫೈಲುಗಳು ಸಾಯುವುದು ಜಾಸ್ತಿ ದಿನಾಂಕದಲ್ಲೇ.

ಹೆಚ್ಚಿನ ಸಂಬಳದ ಹುದ್ದೆಗೆ ನಿಯಮ ಹೀಗಿದೆ. ಅರ್ಜಿ ಹಾಕುವ ದಿನದಿಂದ ಹಿಂದಿನ 3 ತಿಂಗಳೊಳಗೆ, ಸತತ 4 ವಾರ ಜಾಹೀರಾತು ಇದ್ದಿರಬೇಕು. ಸತತ ಅಂದರೆ ನಡುವೆ ಬಿಡುವಿಲ್ಲದೆ. ಎರಡು ವಾರ ಹಾಕಿ, ತೆಗೆದು, ಮತ್ತೆ ಎರಡು ವಾರ ಹಾಕಿದರೆ ಆಗಲಿಲ್ಲ. ಮೂರರಲ್ಲಿ ಕನಿಷ್ಠ ಒಂದು ಜಾಹೀರಾತು ಇಲಾಖೆಯ ತೀರ್ಮಾನ ಬರುವ ದಿನದವರೆಗೂ ಓಡುತ್ತಿರಬೇಕು.

ಉದಾಹರಣೆಗೆ, ಮಾರ್ಚ್ 2ರಂದು ಮೂರೂ ಕಡೆ ಹಾಕಿದಿರಿ. 28ನೇ ದಿನ ಮಾರ್ಚ್ 29. ಮಾರ್ಚ್ 30ರಿಂದ ಅರ್ಜಿ ಹಾಕಬಹುದು. ಜಾಹೀರಾತನ್ನು ಮಾರ್ಚ್ 29ಕ್ಕೇ ತೆಗೆದು, ಜೂನ್ ಕೊನೆಯಲ್ಲಿ ನಿಧಾನವಾಗಿ ಅರ್ಜಿ ಹಾಕಿದರೆ, ಆ ನಾಲ್ಕು ವಾರ ಮೂರು ತಿಂಗಳ ಕಿಟಕಿಯಿಂದ ಜಾರಿರುತ್ತದೆ. ಮತ್ತೆ ಮೊದಲಿನಿಂದ ಶುರು. ನಾನಾಗಿದ್ದರೆ ಜಾಬ್ ಬ್ಯಾಂಕಿನ ಜಾಹೀರಾತನ್ನು ತೆಗೆಯುವುದೇ ಇಲ್ಲ, ಅದರ ಕೊನೆಯ ದಿನಾಂಕಕ್ಕೆ ಫೋನಿನಲ್ಲಿ ಎರಡು ಅಲಾರಂ ಇಡುತ್ತೇನೆ. ಅದು ತಾನಾಗಿಯೇ ಮುಗಿದುಹೋಗಿ ಅರ್ಜಿ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಕಡಿಮೆ ಸಂಬಳದ ಸಾಲಿನ ನಿಯಮಗಳನ್ನು ಸರ್ಕಾರ ಬಿಗಿ ಮಾಡುತ್ತಲೇ ಇದೆ. ಆ ಸಾಲಿನವರು ಜಾಹೀರಾತು ಹಾಕುವ ದಿನವೇ ಇಲಾಖೆಯ ಪುಟದಲ್ಲಿ ಅವಧಿ ನೋಡಿಕೊಂಡು ಹಾಕಿ. ನಾಲ್ಕು ವಾರಕ್ಕೇ ನಿಲ್ಲಿಸುವ ಬದಲು ಜಾಸ್ತಿ ದಿನ ಓಡಿಸಿದರೆ ನಷ್ಟವೇನಿಲ್ಲ.

ನಡುವೆ ಸಂಬಳವನ್ನೋ ಕೆಲಸದ ವಿವರವನ್ನೋ ತಿದ್ದಿದರೆ ಏನು? ನನ್ನ ಮಟ್ಟಿಗೆ, ದಿನ ಎಣಿಸುವುದನ್ನು ಹೊಸದಾಗಿ ಶುರು ಮಾಡುವುದೇ ಕ್ಷೇಮ. ಮೊದಲ ಎರಡು ವಾರ ನೋಡಿದವರಿಗೆ ಕಂಡದ್ದು ಬೇರೆ ಕೆಲಸ ಅಂತಾಗುತ್ತದೆ.

ಹೆಜ್ಜೆ 7: ಅರ್ಜಿ ಹಾಕಿದವರನ್ನು ನಿಜವಾಗಿ ನೋಡಿ

ಜಾಬ್ ಬ್ಯಾಂಕ್ ಸುಮ್ಮನೆ ಜಾಹೀರಾತು ತೋರಿಸಿ ಕೂರುವುದಿಲ್ಲ. ನಿಮ್ಮ ಹುದ್ದೆಗೆ ಹೊಂದುವವರನ್ನು ಹುಡುಕಿ ನಕ್ಷತ್ರ ಕೊಟ್ಟು ತೋರಿಸುತ್ತದೆ. ಮೊದಲ 30 ದಿನಗಳಲ್ಲಿ ಕಂಡವರಲ್ಲಿ, ಹೆಚ್ಚಿನ ಸಂಬಳದ ಹುದ್ದೆಯಾದರೆ 4 ನಕ್ಷತ್ರ ಮತ್ತು ಮೇಲಿನ ಎಲ್ಲರಿಗೂ, ಕಡಿಮೆ ಸಂಬಳದ್ದಾದರೆ 2 ನಕ್ಷತ್ರ ಮತ್ತು ಮೇಲಿನ ಎಲ್ಲರಿಗೂ ಅರ್ಜಿ ಹಾಕಲು ಆಹ್ವಾನ ಕಳಿಸಬೇಕು. ಒಂದು ಬಟನ್ ಒತ್ತುವ ಕೆಲಸ. ಆದರೂ ಎಷ್ಟೋ ಜನ ಮರೆಯುತ್ತಾರೆ. ನೀವು ಒತ್ತಿದಿರೋ ಇಲ್ಲವೋ ಅನ್ನುವುದು ಸರ್ಕಾರದ ತಾಣದಲ್ಲೇ ದಾಖಲಾಗಿರುತ್ತದೆ, ನೆನಪಿರಲಿ.

ಬಂದವರದ್ದೆಲ್ಲ ಒಂದು ಪಟ್ಟಿ ಮಾಡಿ. ಯಾವ ದಿನ ಬಂತು, ಎಲ್ಲಿಂದ ಬಂತು, ಯಾವಾಗ ಕರೆ ಮಾಡಿದಿರಿ, ಸಂದರ್ಶನ ಆಯಿತೇ, ಆಫರ್ ಕೊಟ್ಟಿರೇ, ಬೇಡವಾದರೆ ಯಾಕೆ. ಕೊನೆಯ ಕಾಲಂ ಮುಖ್ಯ. "ಸರಿಹೊಂದಲಿಲ್ಲ" ಅಂತ ಬರೆದರೆ ಅಧಿಕಾರಿಗೆ ಏನೂ ಹೇಳಿದ ಹಾಗಾಗಲಿಲ್ಲ. "ಎರಡು ವರ್ಷದ ಅನುಭವ ಕೇಳಿದ್ದೆವು, ಇವರಿಗೆ ಅಡುಗೆಮನೆಯ ಅನುಭವ ಇಲ್ಲ, ಕ್ಯಾಷಿಯರ್ ಆಗಿದ್ದರು" ಅಂದರೆ ಹೇಳಿದ ಹಾಗಾಯಿತು. "ಎರಡು ಬಾರಿ ಫೋನ್, ಒಂದು ಇಮೇಲ್, ಉತ್ತರ ಇಲ್ಲ" ಕೂಡ ಒಪ್ಪುವ ಕಾರಣ, ದಿನಾಂಕ ಇದ್ದರೆ. ಸ್ವಲ್ಪ ಕಲಿಸಿದರೆ ಸಾಕಾಗುವ ವ್ಯಕ್ತಿಯನ್ನು ಬಿಟ್ಟಿದ್ದೀರಿ ಅಂತ ಕಂಡರೆ ಪ್ರಶ್ನೆ ಬರುತ್ತದೆ. ಪ್ರಶ್ನೆ ನ್ಯಾಯವಾದದ್ದೇ.

ಇಷ್ಟರಲ್ಲಿ ಇಲ್ಲೇ ಒಬ್ಬರು ಸರಿಯಾದವರು ಸಿಕ್ಕಿಬಿಟ್ಟರೆ? ಸೇರಿಸಿಕೊಳ್ಳಿ. 1,000 ಡಾಲರ್ ಉಳಿಯಿತು.

ಹೆಜ್ಜೆ 8: ಪುರಾವೆ ಕಟ್ಟಿಡಿ, ಅರ್ಜಿ ಹಾಕಿ

ಪ್ರತಿ ಜಾಹೀರಾತಿನ ಸ್ಕ್ರೀನ್‌ಶಾಟ್ ಮೊದಲ ದಿನ ಒಂದು, ನಡುವೆ ಒಂದು, ಕೊನೆಗೆ ಒಂದು ತೆಗೆಯಿರಿ. ಪುಟದ ವಿಳಾಸ ಮತ್ತು ದಿನಾಂಕ ಕಾಣುವಂತಿರಲಿ. ಪತ್ರಿಕೆಯಾದರೆ ಇಡೀ ಪುಟ ಇಟ್ಟುಕೊಳ್ಳಿ, ಕತ್ತರಿಸಿದ ಚೂರಲ್ಲ. ನೋಟಿಸ್ ಬೋರ್ಡ್ ಆದರೆ ಫೋಟೊ, ಜೊತೆಗೆ ಇಷ್ಟರಿಂದ ಇಷ್ಟು ದಿನ ಇತ್ತು ಅಂತ ಅಲ್ಲಿನವರಿಂದ ಒಂದು ಪತ್ರ. ಹಣ ಕಟ್ಟಿದ ರಸೀದಿಗಳನ್ನೂ ಸೇರಿಸಿ.

ವ್ಯವಹಾರ ನಿಜವಾಗಿ ನಡೆಯುತ್ತಿದೆ ಅನ್ನುವ ದಾಖಲೆಗಳೂ ಬೇಕು. 2024ರ ಅಕ್ಟೋಬರ್ 28ರಿಂದ ಇದಕ್ಕೆ ಅಕೌಂಟೆಂಟ್ ಅಥವಾ ವಕೀಲರ ದೃಢೀಕರಣ ಪತ್ರ ಸಾಕಾಗುವುದಿಲ್ಲ. ಹೆಚ್ಚಿನ ಸಂಬಳದ ಹುದ್ದೆಗೆ, ಮುಂದೆ ಇಲ್ಲಿನವರನ್ನೇ ಹೇಗೆ ತಯಾರು ಮಾಡುತ್ತೀರಿ ಅನ್ನುವ ಯೋಜನೆಯನ್ನೂ ಕೊಡಬೇಕು.

ಸಹಾಯಕ್ಕೆ ಯಾರಿಗಾದರೂ ದುಡ್ಡು ಕೊಡುವುದಾದರೆ ಅವರು ಪರವಾನಗಿ ಇರುವ ವಲಸೆ ಸಲಹೆಗಾರರೋ ವಕೀಲರೋ ಆಗಿರಬೇಕು. ಆದರೂ ಜಾಹೀರಾತಿಗೆ ಬಂದ ಇಮೇಲ್‌ಗಳನ್ನು ನೀವೇ ಓದಿ. ಆಮೇಲೆ ಅಧಿಕಾರಿ ಫೋನ್ ಮಾಡಿ "ಎಷ್ಟು ಜನ ಬಂದಿದ್ದರು?" ಅಂತ ಕೇಳುವುದು ನಿಮ್ಮನ್ನು.

ಒಪ್ಪಿಗೆ ಬಂದರೆ ಆ ಪತ್ರಕ್ಕೆ 6 ತಿಂಗಳ ಆಯಸ್ಸು. 2024ರ ಮೇ ತಿಂಗಳಿಗೆ ಮುಂಚೆ 12 ಇತ್ತು. ಅಷ್ಟರೊಳಗೆ ಕೆಲಸಗಾರ ವರ್ಕ್ ಪರ್ಮಿಟ್‌ಗೆ ಅರ್ಜಿ ಹಾಕಬೇಕು.

ಊರಲ್ಲಿ ಕೂತು ಓದುತ್ತಿರುವವರಿಗೆ

"ಎಲ್‌ಎಂಐಎ ಇದೆ, ಇಷ್ಟು ಲಕ್ಷ ಕೊಡಿ" ಅನ್ನುವವರು ಬೆಂಗಳೂರಲ್ಲೂ ಇದ್ದಾರೆ, ಮಂಗಳೂರಲ್ಲೂ ಇದ್ದಾರೆ. ಕೆಲಸಕ್ಕಾಗಿ ಕೆಲಸಗಾರನಿಂದ ದುಡ್ಡು ತೆಗೆದುಕೊಳ್ಳುವುದು ತಪ್ಪು. ಯಾರಾದರೂ ಆಫರ್ ಕೊಟ್ಟರೆ ಆ ಕಂಪನಿಯ ಹೆಸರನ್ನು ಜಾಬ್ ಬ್ಯಾಂಕ್‌ನಲ್ಲಿ ಹುಡುಕಿ. ಇಂಥ ಜಾಗ, ಇಂಥ ಸಂಬಳ ಅಂತ ಅಲ್ಲಿರುವುದಕ್ಕೂ ನಿಮಗೆ ಹೇಳಿದ್ದಕ್ಕೂ ತಾಳೆಯಾಗುತ್ತದಾ ನೋಡಿ. ತಪ್ಪು ಮಾಡಿ ಸಿಕ್ಕಿಬಿದ್ದ ಮಾಲೀಕರ ಹೆಸರುಗಳನ್ನು ಸರ್ಕಾರ ಬಹಿರಂಗವಾಗಿ ಪ್ರಕಟಿಸುತ್ತದೆ. ಅದನ್ನೂ ನೋಡಿ. ಇನ್ನೊಂದು: ಎಲ್‌ಎಂಐಎ ಇದ್ದರೆ ಪಿಆರ್‌ಗೆ 50 ಅಂಕ ಸಿಗುತ್ತದೆ ಅನ್ನುವುದು ಹಳೇ ಕಥೆ. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ (ಅಂಕ ನೋಡಿ ಪಿಆರ್‌ಗೆ ಆರಿಸುವ ವ್ಯವಸ್ಥೆ) ಕೆಲಸದ ಆಫರ್‌ಗೆ ಕೊಡುತ್ತಿದ್ದ ಅಂಕಗಳನ್ನು 2025ರ ಮಾರ್ಚ್ 25ರಿಂದ ತೆಗೆದುಹಾಕಿದ್ದಾರೆ.

ಕೆಲಸಗಾರ ಬಂದ ಮೇಲೂ

ಫೈಲನ್ನು ಎಸೆಯಬೇಡಿ. ಜಾಹೀರಾತು, ಪಟ್ಟಿ, ಸಂಬಳದ ಚೀಟಿ ಎಲ್ಲವನ್ನೂ 6 ವರ್ಷ ಇಡಬೇಕು. ತಪಾಸಣೆಗೆ ಹೇಳಿಯೂ ಬರಬಹುದು, ಹೇಳದೆಯೂ ಬರಬಹುದು. ನಿಯಮ ಮುರಿದರೆ ದಂಡ ಒಂದೊಂದು ತಪ್ಪಿಗೆ 1 ಲಕ್ಷ ಡಾಲರ್‌ವರೆಗೆ, ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೋಗಬಹುದು. ಜೊತೆಗೆ ಒಂದು ವರ್ಷದಿಂದ ಹಿಡಿದು ಕಾಯಂ ನಿಷೇಧದವರೆಗೆ. ಆಗ ಮೊದಲು ಕೇಳುವುದು ಜಾಹೀರಾತಿನಲ್ಲಿ ಬರೆದ ಸಂಬಳಕ್ಕೂ ನೀವು ನಿಜವಾಗಿ ಕೊಡುತ್ತಿರುವ ಸಂಬಳಕ್ಕೂ ಹೊಂದಿಕೆ ಇದೆಯಾ ಅಂತ. 2024ರಿಂದ ಆ ಸಂಬಳವನ್ನು ವರ್ಷಕ್ಕೊಮ್ಮೆ ನೋಡಿ, ಮಾರುಕಟ್ಟೆ ಏರಿದ್ದರೆ ಏರಿಸಬೇಕು ಅನ್ನುವ ನಿಯಮವೂ ಇದೆ. ಜನವರಿ ಕ್ಯಾಲೆಂಡರ್ ಗೋಡೆಗೆ ನೇತುಹಾಕುವಾಗಲೇ ಅದರಲ್ಲಿ ಒಂದು ದಿನಕ್ಕೆ ಗುರುತು ಹಾಕಿಬಿಡಿ.